ಕರಿಮಣ್ಣಿನ ಕೆಳಗಿನ ಒಳಲೆ

ಶುಭಾ ಆ ಗುಂಡಿಯನ್ನು ಮೊದಲು ನೋಡಿದ್ದು ಬಸ್ಸಿಳಿದು ಶಾಲೆಗೆ ನಡೆದು ಹೋಗುವಾಗ. ಮೂಡಲಪಾಳ್ಯದಲ್ಲಿ ಅವರು ಸಮಾಜ ವಿಜ್ಞಾನ ಕಲಿಸುತ್ತಿದ್ದ ಹೈಸ್ಕೂಲಿನ ಹಿಂದಿನ ಬೀದಿಯಲ್ಲಿ, ವರ್ಷಗಟ್ಟಲೆ ಖಾಲಿ ಬಿದ್ದಿದ್ದ ದೊಡ್ಡ ಜಾಗವೊಂದನ್ನು ಅಪಾರ್ಟ್‌ಮೆಂಟಿಗೆಂದು ಜೆಸಿಬಿ ಅಗೆಯುತ್ತಿತ್ತು. ಒಂದು ಮೂಲೆ ಬಿಟ್ಟು ಉಳಿದೆಲ್ಲ ಕಡೆ ಮಣ್ಣು ತೆಗೆದಾಗಿತ್ತು. ಆ ಮೂಲೆಯ ಮಣ್ಣು ಮಾತ್ರ ಕೊಯ್ದಿಟ್ಟ ಗೋಡೆಯಂತೆ ನೇರವಾಗಿ ನಿಂತಿತ್ತು. ಅದರ ಮೇಲೆ ಬೂದಿ, ಕಪ್ಪು, ಕೆಂಪು ಪಟ್ಟಿಗಳು ಅಡ್ಡಡ್ಡಲಾಗಿ ಹಾಯ್ದಿದ್ದವು. ಶುಭಾ ಊಟದ ಚೀಲವನ್ನು ಎದೆಗವಚಿಕೊಂಡು ಅಲ್ಲೇ ನಿಂತುಬಿಟ್ಟರು. ಅಂದು ಮೊದಲ ಪೀರಿಯಡ್ಡಿಗೆ ತಡವಾಯಿತು.

ಎಂ.ಎ. ಮುಗಿಸಿದ ಹೊಸತರಲ್ಲಿ ಅವರು ಎರಡು ಬೇಸಿಗೆಗಳನ್ನು ಉತ್ಖನನದ ಕ್ಯಾಂಪುಗಳಲ್ಲಿ ಕಳೆದಿದ್ದರು. ಅಪ್ಪನಿಗೆ ಲಕ್ವ ಹೊಡೆದ ಮೇಲೆ ಅದನ್ನೆಲ್ಲ ಬಿಟ್ಟು ಬಿ.ಎಡ್. ಮಾಡಿ ಶಾಲೆ ಸೇರಿದರು. ಪಠ್ಯಪುಸ್ತಕದಲ್ಲಿ ಆ ವಿಷಯಕ್ಕೆ ಇದ್ದದ್ದು ಅರ್ಧ ಪುಟ. ಪ್ರತಿ ವರ್ಷ ಬೋರ್ಡಿನ ಮೇಲೆ ಬಣ್ಣದ ಚಾಕ್‌ಪೀಸಿನಿಂದ ಮಣ್ಣಿನ ಪದರಗಳನ್ನು ಬರೆದು ತೋರಿಸುವಾಗ ಹುಡುಗರು ಆಕಳಿಸುತ್ತಿದ್ದರು. ಈಗ ನಿಜವಾದ ಪದರಗಳೇ ಕಣ್ಣೆದುರಿಗಿದ್ದವು.

ಜಾಗ ಭೈರೇಶ್ ಎಂಬುವವರದ್ದು. ಹಳೇ ಊರಿನ ಮನೆತನದವರು. ಒಂಬತ್ತನೇ ಕ್ಲಾಸಿನ ಕೀರ್ತನಾಳ ತಂದೆ. ಶುಭಾ ಹೋಗಿ ಕೇಳಿದಾಗ ಅವರು ನಕ್ಕರು.

"ಮಣ್ಣು ನೋಡೋಕಾ ಮೇಡಂ? ಬನ್ನಿ, ಅದಕ್ಕೇನಂತೆ. ಶನಿವಾರ ಮಧ್ಯಾಹ್ನ ಜೆಸಿಬಿ ಇರಲ್ಲ. ಸೋಮವಾರ ಆ ಮೂಲೇನೂ ತೆಗೆದುಬಿಡ್ತೀವಿ. ಮಕ್ಕಳು ಹುಷಾರು ಅಷ್ಟೇ."

ಶನಿವಾರ ಶಾಲೆ ಬಿಟ್ಟ ಮೇಲೆ ಒಂಬತ್ತನೇ ಕ್ಲಾಸು, ಲಾರಿ ಇಳಿಯಲು ಮಾಡಿದ್ದ ಇಳಿಜಾರಿನಲ್ಲಿ ಸಾಲಾಗಿ ಗುಂಡಿಗಿಳಿಯಿತು. ಸೈಟು ಕಾಯುತ್ತಿದ್ದ ಬಾಗಲಕೋಟೆ ಕಡೆಯ ಹೊನ್ನವ್ವ ತನ್ನ ತಗಡಿನ ಶೆಡ್ಡಿನ ಮುಂದೆ ಜೋಳ ಹಸನು ಮಾಡುತ್ತ ಕೂತಿದ್ದವಳು ಮೊರ ಪಕ್ಕಕ್ಕಿಟ್ಟು ನೋಡತೊಡಗಿದಳು. ಭೈರೇಶ್ ಮೇಲೆ ದಂಡೆಯ ಮೇಲೆ ಫೋನು ಹಿಡಿದು ನಿಂತಿದ್ದರು.

"ಕೆಳಗಿರೋದು ಹಳೇದು, ಮೇಲಿರೋದು ಹೊಸದು. ಯಾರೂ ಕೆದಕದೆ ಇದ್ದರೆ ಮಾತ್ರ," ಎಂದು ಶುಭಾ ಶುರು ಮಾಡಿದರು. "ಈಗ ಮೇಲಿಂದ ಕೆಳಗೆ ಓದಿ ಹೇಳಿ. ಏನೇನ್ ಕಾಣ್ತಿದೆ?"

"ಡೆಬ್ರಿಸ್ ಮಿಸ್. ಟೈಲ್ಸ್ ಚೂರು, ಹಾಲಿನ ಪ್ಯಾಕೆಟ್ಟು!"

"ಅದರ ಕೆಳಗೆ ಬೂದಿ. ಸುಟ್ಟ ಇಟ್ಟಿಗೆ."

"ಇಲ್ಲಿ ನಮ್ ತಾತನ ಇಟ್ಟಿಗೆ ಗೂಡಿತ್ತಂತೆ ಮಿಸ್," ಎಂದಳು ಕೀರ್ತನಾ.

"ಸರಿ. ಅದರ ಕೆಳಗೆ ಕರಿಮಣ್ಣು. ಕೆರೆ ನೀರು ಕುಡಿದ ಗದ್ದೆ ಮಣ್ಣು ಅದು. ಗೂಡು ಬರೋಕೆ ಮುಂಚೆ ಇಲ್ಲಿ ಭತ್ತ ಬೆಳೀತಿದ್ರು. ಅದಕ್ಕೂ ಕೆಳಗೆ ಈ ಕೆಂಪು ಮಣ್ಣು. ಇದನ್ನ ಯಾರೂ ತಂದು ಹಾಕಿದ್ದಲ್ಲ, ಭೂಮಿ ತಾನೇ ಇಟ್ಕೊಂಡಿರೋದು."

ಮಕ್ಕಳು ಗೋಡೆಯ ಹತ್ತಿರ ಸರಿದರು. ಮುಟ್ಟಬೇಡಿ, ಕಣ್ಣಲ್ಲೇ ನೋಡಿ ಎಂದು ಶುಭಾ ಹೇಳುತ್ತಿರುವಾಗಲೇ ಕೀರ್ತನಾ ಕೆಂಪು ಮಣ್ಣಿನ ಭಾಗದಲ್ಲಿ ಏನೋ ಹಸಿರಾಗಿ ಇಣುಕುತ್ತಿದ್ದುದನ್ನು ಕಂಡಳು. ಶುಭಾ ಚೀಲದಿಂದ ಬ್ರಷ್ಷನ್ನೂ ಸಣ್ಣ ಕರಣೆಯನ್ನೂ ತೆಗೆದು ಮಂಡಿಯೂರಿದರು. ಎಷ್ಟೋ ವರ್ಷಗಳ ಮೇಲೆ ಅವರ ಕೈಗಳಿಗೆ ಅವುಗಳ ಕೆಲಸ ಸಿಕ್ಕಿತ್ತು. ಮಣ್ಣು ಉದುರಿದಂತೆ ಒಂದು ಪುಟ್ಟ ಹಿತ್ತಾಳೆ ಪಾತ್ರೆ ಹೊರಬಂತು. ಅಂಗೈಯಷ್ಟೂ ಇಲ್ಲ, ಒಂದು ಕಡೆ ಚೂಪಾದ ಮೂತಿ, ಮೈಯೆಲ್ಲ ಕಿಲುಬು. ಅದರ ಪಕ್ಕದಲ್ಲಿ ಎರಡು ಕರಿ ಗಾಜಿನ ಬಳೆಗಳ ಚೂರು. ದೊಡ್ಡವರ ಬೆರಳು ಎರಡು ತೂರಿಸಲಾಗದಷ್ಟು ಚಿಕ್ಕ ಬಳೆಗಳು.

"ಒಳಲೆ ಇದು," ಎಂದರು ಶುಭಾ. "ಎಳೆ ಮಕ್ಕಳಿಗೆ ಹಾಲು ಕುಡಿಸೋದು. ಈಗೆಲ್ಲ ಬಾಟಲಿ ಬಂತಲ್ಲ."

"ಕೆಂಪು ಮಣ್ಣಲ್ಲಿದೆ ಅಂದ್ರೆ ಗದ್ದೆಗಿಂತ ಹಳೇದು! ಸಾವಿರ ವರ್ಷ ಆಗಿರುತ್ತಾ ಮಿಸ್?"

"ಕಾರ್ಬನ್ ಡೇಟಿಂಗ್ ಮಾಡಿಸಿದ್ರೆ ಗೊತ್ತಾಗಲ್ವಾ?"

"ಅದು ಒಂದು ಕಾಲದಲ್ಲಿ ಜೀವ ಇದ್ದ ವಸ್ತುಗಳಿಗೆ ಮಾತ್ರ. ಮರ, ಇದ್ದಿಲು, ಮೂಳೆ ಇಂಥವಕ್ಕೆ. ಹಿತ್ತಾಳೆಗೆ ಆಗಲ್ಲ. ಇರಿ, ಗೋಡೇನೇ ಕೇಳೋಣ."

ಶುಭಾ ಬಾಟಲಿಯ ನೀರನ್ನು ಅಂಗೈಗೆ ಹಾಕಿಕೊಂಡು ಗೋಡೆಯ ಮೇಲೆ ಚಿಮುಕಿಸಿದರು. ಒದ್ದೆಯಾದ ಮಣ್ಣಿನಲ್ಲಿ ಬಣ್ಣಗಳು ನಿಚ್ಚಳವಾದವು. ಒಳಲೆಯ ಸುತ್ತಲಿನ ಮಣ್ಣು ಅಚ್ಚ ಕೆಂಪಾಗಿರಲಿಲ್ಲ. ಕರಿಮಣ್ಣಿನ ಹೆಂಟೆಗಳು ಅದರಲ್ಲಿ ಬೆರೆತಿದ್ದವು. ಆ ಬೆರಕೆ ಮಣ್ಣಿಗೆ ಎರಡೂ ಬದಿಯಲ್ಲಿ ಸ್ಪಷ್ಟವಾದ ಅಂಚಿತ್ತು. ಅಂಚು ಮೇಲೇರಿ, ಕರಿಮಣ್ಣಿನ ಪದರವನ್ನು ಸೀಳಿಕೊಂಡು ಹೋಗಿ, ಬೂದಿಯ ಕೆಳಗೆ ನಿಂತಿತ್ತು.

"ನೋಡಿ, ಇದು ತೋಡಿದ ಗುಂಡಿ. ಗದ್ದೆ ಇದ್ದಾಗ ಯಾರೋ ಅದರ ಮೇಲೆ ನಿಂತ್ಕೊಂಡು ಕೆಳಗಿನ ಕೆಂಪು ಮಣ್ಣಿನ ತನಕ ಅಗೆದಿದಾರೆ. ಒಳಗೆ ಇಡೋದನ್ನ ಇಟ್ಟು, ತೆಗೆದ ಮಣ್ಣನ್ನೇ ಮುಚ್ಚಿದಾರೆ. ಅದಕ್ಕೇ ಎರಡೂ ಮಣ್ಣು ಕಲಸಿದೆ. ಹಾಗಾಗಿ ವಸ್ತು ಎಷ್ಟು ಆಳದಲ್ಲಿದೆ ಅಂತ ನೋಡಿ ಮೋಸ ಹೋಗಬಾರದು. ಗುಂಡಿ ಯಾವ ಪದರದಿಂದ ಶುರುವಾಗಿದೆ ಅಂತ ನೋಡಬೇಕು."

ಬ್ರಷ್ಷಿಗೆ ಇನ್ನೊಂದು ವಸ್ತು ತಗುಲಿತು. ನಾಣ್ಯ. ಕಮಲದ ಹೂವಿದ್ದ ಹಳೆಯ ಇಪ್ಪತ್ತು ಪೈಸೆ. ಲಕ್ಷ್ಮಿ ಪೂಜೆಗೆಂದು ಜನ ಎತ್ತಿಟ್ಟುಕೊಳ್ಳುತ್ತಿದ್ದ ನಾಣ್ಯ ಅದು. ಶುಭಾ ಉಜ್ಜಿ ಕೀರ್ತನಾಳ ಕೈಗೆ ಕೊಟ್ಟರು. ಹುಡುಗಿ ಕಣ್ಣು ಕಿರಿದು ಮಾಡಿ ಓದಿದಳು.

"ಸಾವಿರದ ಒಂಬೈನೂರ ಎಪ್ಪತ್ತು."

"ಗುಂಡಿಯೊಳಗೆ ಹಳೇ ವಸ್ತು ಎಷ್ಟು ಬೇಕಾದ್ರೂ ಇರಬಹುದು. ಅಜ್ಜಿ ಕಾಲದ ಪಾತ್ರೇನ ಮೊಮ್ಮಗಳು ಹೂಳಬಹುದು. ಆದರೆ ಎಲ್ಲಕ್ಕಿಂತ ಹೊಸ ವಸ್ತು ಯಾವುದೋ, ಗುಂಡಿ ಅದಕ್ಕಿಂತ ಹಳೇದಾಗೋಕೆ ಸಾಧ್ಯಾನೇ ಇಲ್ಲ. ಈ ನಾಣ್ಯ ಹುಟ್ಟೋಕೆ ಮುಂಚೆ ಯಾರೂ ಇದನ್ನ ಹೂತಿರೋಕಾಗಲ್ಲ, ಅಲ್ವಾ? ಇನ್ನು ಗುಂಡಿ ಮೇಲೆ ಬೂದಿ ಕೂತಿದೆ. ಅಂದ್ರೆ ಗೂಡು ಹಾಕೋಕೆ ಮುಂಚೇನೇ ಮುಚ್ಚಿದಾರೆ." ಶುಭಾ ತಲೆಯೆತ್ತಿದರು. "ಗೂಡು ಹಾಕಿದ್ದು ಯಾವಾಗ ಸಾರ್?"

"ನಂಗೆ ಮೂರು ವರ್ಷ ಇತ್ತಂತೆ," ಎಂದು ಭೈರೇಶ್ ಮೇಲಿನಿಂದ ಕೂಗಿ ಹೇಳಿದರು. "ಎಪ್ಪತ್ತೈದು ಅಂತ ಇಟ್ಕೊಳ್ಳಿ."

"ಹಾಗಾದ್ರೆ ಎಪ್ಪತ್ತರಿಂದ ಎಪ್ಪತ್ತೈದರೊಳಗೆ!" ಮಕ್ಕಳು ಚಪ್ಪಾಳೆ ತಟ್ಟಿದರು. ಶುಭಾ ಅವರ ಮುಖವೂ ಅರಳಿತ್ತು. ಇಂಥ ಪಾಠ ಅವರು ಜೀವನದಲ್ಲೇ ಮಾಡಿರಲಿಲ್ಲ.

"ಆದ್ರೆ ಮಿಸ್," ಎಂದಳು ಕೀರ್ತನಾ, "ಒಳಲೇನ ಯಾಕೆ ಹೂಳ್ತಾರೆ?"

ಶುಭಾ ಗುಂಡಿಯ ಅಂಚನ್ನು ಮತ್ತೆ ನೋಡಿದರು. ಅದರ ಉದ್ದ, ಅಗಲ. ಒಂದು ತೊಟ್ಟಿಲಿನಷ್ಟು. ಇಷ್ಟು ಹೊತ್ತೂ ಅದು ಅವರ ಕಣ್ಣೆದುರಿಗೇ ಇತ್ತು. ಹಿಂದೆ ಹೊನ್ನವ್ವ ಯಾವಾಗಲೋ ಇಳಿದು ಬಂದು ನಿಂತಿದ್ದಳು. ಅವಳು ಚಪ್ಪಲಿ ಬಿಟ್ಟಿದ್ದಳು, ತಲೆಯ ಮೇಲೆ ಸೆರಗು ಹೊದ್ದಿದ್ದಳು.

"ಹುಡ್ರನ್ನ ಕಳಿಸ್ರಿ ಅಕ್ಕಾರ," ಎಂದಳು ಮೆಲ್ಲಗೆ.

ಮಕ್ಕಳು ಹೋದ ಮೇಲೆ ಭೈರೇಶ್ ಕೆಳಗಿಳಿದು ಬಂದರು. ಅದು ಕೂಸೊಂದನ್ನು ಹೂತ ಗುಂಡಿ ಎಂದು ತಿಳಿದು ಅವರ ಮುಖ ಬಾಡಿತು.

"ಮೇಡಂ, ಇದೆಲ್ಲ ಆಚೆ ಹೋದ್ರೆ ಪೊಲೀಸು, ಪೇಪರ್ರು ಅಂತ ಶುರುವಾಗುತ್ತೆ. ಮೂಳೆ ಗೀಳೆ ಏನಾದ್ರೂ..."

"ಮೂಳೆ ಇಲ್ಲ. ಈ ಮಣ್ಣಲ್ಲಿ ಎಳೇ ಮೂಳೆ ಉಳಿಯಲ್ಲ ಸಾರ್. ಮಣ್ಣು ತಿಂದುಬಿಟ್ಟಿರುತ್ತೆ," ಎಂದರು ಶುಭಾ. "ಇಷ್ಟೇ ಉಳಿದಿರೋದು. ಮನೇಲಿ ದೊಡ್ಡವರನ್ನ ಒಂದು ಮಾತು ಕೇಳಿ. ನಿಮ್ಮ ಜಮೀನಲ್ವಾ."

"ನಮ್ಮನೇಲಿ ಅಂಥದ್ದೇನೂ ನಡೆದಿಲ್ಲ ಮೇಡಂ. ನಡೆದಿದ್ರೆ ನನಗೆ ಗೊತ್ತಿರ್ತಿರಲಿಲ್ವಾ?"

ಆದರೂ ಸೋಮವಾರದ ತನಕ ಮುಟ್ಟುವುದಿಲ್ಲ ಎಂದರು. ಶುಭಾ ಎಲ್ಲವನ್ನೂ ಇದ್ದಲ್ಲೇ ಇಟ್ಟು, ಹೊನ್ನವ್ವ ಕೊಟ್ಟ ಟಾರ್ಪಾಲಿನ ತುಂಡನ್ನು ಮುಚ್ಚಿ, ಅನ್ನಪೂರ್ಣೇಶ್ವರಿ ನಗರದ ತಮ್ಮ ಮನೆಗೆ ಹೋದರು. ಆ ಸಂಜೆ ಅವರಿಗೆ ಅಡುಗೆ ಮಾಡಲು ಮನಸ್ಸಾಗಲಿಲ್ಲ. ತೊಟ್ಟಿಲಿನಷ್ಟು ಗುಂಡಿಯ ಮುಂದೆ ಮಕ್ಕಳಿಂದ ಚಪ್ಪಾಳೆ ತಟ್ಟಿಸಿದ್ದು ಮತ್ತೆ ಮತ್ತೆ ನೆನಪಾಗುತ್ತಿತ್ತು.

ಭೈರೇಶ್ ಮನೆಯಲ್ಲಿ ಕೇಳಲಿಲ್ಲ. ಕೇಳಿದವಳು ಕೀರ್ತನಾ. ರಾತ್ರಿಯೂಟಕ್ಕೆ ಕೂತಾಗ, ಅಜ್ಜಿ, ನಮ್ ಜಮೀನಲ್ಲಿ ಒಂದು ಒಳಲೆ ಸಿಕ್ತು ಎಂದಿದ್ದಳಂತೆ. ಅಜ್ಜಿ ಲಕ್ಷ್ಮಿದೇವಮ್ಮ ತಟ್ಟೆಯಲ್ಲಿ ಕೈ ತೊಳೆದು ಎದ್ದುಹೋದರಂತೆ. ಭಾನುವಾರ ಬೆಳಗ್ಗೆ ಭೈರೇಶ್ ಶುಭಾಗೆ ಫೋನು ಮಾಡಿದರು. "ಅಮ್ಮ ಸೈಟಲ್ಲಿ ಬಂದು ಕೂತ್ಬಿಟ್ಟಿದಾರೆ ಮೇಡಂ. ನೀವು ಬರೋ ತನಕ ಅದನ್ನ ಯಾರೂ ಮುಟ್ಟಬಾರ್ದು ಅಂತಾರೆ. ಸ್ವಲ್ಪ ಬನ್ನಿ."

ಲಕ್ಷ್ಮಿದೇವಮ್ಮ ಎಂಬತ್ತರ ಹತ್ತಿರದ ಗಟ್ಟಿ ಹೆಂಗಸು. ಗಂಡ ಮುನಿವೆಂಕಟಪ್ಪ ತೀರಿಕೊಂಡ ಮೇಲೂ ಬಾಡಿಗೆ ಮನೆಗಳನ್ನೆಲ್ಲ ತಾವೇ ನೋಡಿಕೊಳ್ಳುತ್ತಿದ್ದರು. ಬಾಗಲಕೋಟೆ, ಗದಗ ಕಡೆಯಿಂದ ದುಡಿಯಲು ಬಂದವರಿಗೆ ಅವರ ಮನೆಗಳಲ್ಲಿ ಮೊದಲ ಜಾಗ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಯಾಕೆಂದು ಯಾರೂ ಕೇಳಿರಲಿಲ್ಲ. ಈಗ ಅವರು ಗುಂಡಿಯೊಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಕೀರ್ತನಾಳ ಕೈ ಹಿಡಿದು ಕೂತಿದ್ದರು.

"ತೋರಿಸವ್ವ," ಎಂದರು.

ಶುಭಾ ಟಾರ್ಪಾಲು ಸರಿಸಿ ಒಳಲೆಯನ್ನು ಅವರ ಅಂಗೈಯಲ್ಲಿಟ್ಟರು. ಲಕ್ಷ್ಮಿದೇವಮ್ಮ ಅದನ್ನು ತಿರುಗಿಸಿ, ಮೂತಿಯ ಬುಡದಲ್ಲಿ ಹೆಬ್ಬೆರಳು ಆಡಿಸಿದರು. ಅಲ್ಲಿ ಬೆಸುಗೆಯ ಒಂದು ಗಂಟಿತ್ತು.

"ನಂದೇ. ನಮ್ಮ ತವರಿಂದು. ಮೂತಿ ಕಿತ್ತೋಗಿತ್ತು ಅಂತ ನಮ್ಮಪ್ಪ ಬೆಸುಗೆ ಹಾಕಿಸ್ಕೊಟ್ಟಿದ್ರು."

"ಏನಮ್ಮ ಹಂಗಂದ್ರೆ?" ಎಂದರು ಭೈರೇಶ್.

"ನಿಮ್ಮಕ್ಕನಿಗಿಂತ ಮುಂಚೆ ನಂಗೊಂದು ಹೆಣ್ಣು ಕೂಸಾಗಿತ್ತು ಕಣಪ್ಪ. ಆರು ತಿಂಗಳು ಇತ್ತು. ಜ್ವರ ಬಂತು, ಹೋಯ್ತು. ನಂಗೂ ಜ್ವರ, ಎದ್ದು ನಿಲ್ಲೋಕಾಗ್ತಿರಲಿಲ್ಲ. ನಿಮ್ಮಪ್ಪ, ನಿಮ್ಮ ದೊಡ್ಡಪ್ಪ ಎತ್ಕೊಂಡ್ ಹೋದ್ರು. ಎಲ್ಲಿ ಮಣ್ಣು ಮಾಡಿದ್ರಿ ಅಂತ ಕೇಳಿದ್ರೆ, ಕೆರೆ ಕಡೆ ಅಂದ್ರು. ಅಷ್ಟೇ. ಅಲ್ಲಿಗೆ ಹೆಂಗಸ್ರು ಹೋಗ್ಬಾರ್ದು, ಹೋದ್ರೆ ಮುಂದೆ ಮಕ್ಕಳಾಗಲ್ಲ ಅಂತ ನಮ್ಮತ್ತೆ ಅಂದ್ರು. ಆಮೇಲೆ ಕೆರೇನೂ ಹೋಯ್ತು, ಹೇಳೋರೂ ಹೋದ್ರು." ಅವರು ಶುಭಾ ಕಡೆ ತಿರುಗಿದರು. "ಇಲ್ಲೇ ಇದ್ದಳಲ್ಲ ಟೀಚರಮ್ಮ. ದಿನಾ ಇದೇ ದಾರೀಲಿ ಓಡಾಡ್ತಿದ್ದೆ ನಾನು."

ಭೈರೇಶ್ ಐವತ್ತು ದಾಟಿದ ಮನುಷ್ಯ, ತನಗೆ ಇನ್ನೊಬ್ಬ ಅಕ್ಕ ಇದ್ದಳೆಂಬುದನ್ನು ಅವರು ಮೊದಲ ಸಲ ಕೇಳುತ್ತಿದ್ದರು.

ಕೀರ್ತನಾ ಶುಭಾರನ್ನೇ ನೋಡುತ್ತಿದ್ದಳು. ಶುಭಾಗೆ ಆ ನೋಟ ಅರ್ಥವಾಯಿತು. ಭೈರೇಶರ ಅಕ್ಕ ಹುಟ್ಟಿದ್ದು ಯಾವಾಗೆಂದು ಹುಡುಗಿಗೆ ಗೊತ್ತಿರಬೇಕು. ನಾಣ್ಯದ ಮೇಲಿನ ಇಸವಿಯನ್ನು ಅವಳೇ ಓದಿದ್ದಳು. ನಿನ್ನೆ ಕಲಿತ ಲೆಕ್ಕ ಅವಳ ಮುಖದ ಮೇಲೇ ಇತ್ತು; ಅದನ್ನು ಬಾಯಿಬಿಟ್ಟು ಹೇಳುವುದೋ ಬೇಡವೋ ಎಂದು ತಿಳಿಯದೆ ಅವಳು ತುಟಿ ಕಚ್ಚಿಕೊಂಡಿದ್ದಳು.

ಸುಮ್ಮನಿದ್ದುಬಿಡಬೇಕೆಂದು ಶುಭಾಗೆ ಬಲವಾಗಿ ಅನ್ನಿಸಿತು. ಮುದುಕಿ ಇಷ್ಟು ವರ್ಷ ಹುಡುಕಿದ್ದು ಸಿಕ್ಕಿದೆ ಎಂದುಕೊಂಡಿದ್ದಾರೆ. ಸಿಕ್ಕಿತೆಂದೇ ಇರಲಿ, ಯಾರಿಗೇನು ನಷ್ಟ? ಆದರೆ ಲಕ್ಷ್ಮಿದೇವಮ್ಮ ಮುಖ ನೋಡಿ ಮನಸ್ಸು ಓದುವವರು.

"ಏನವ್ವ? ನೀವಿಬ್ರೂ ಯಾಕೆ ಹಿಂಗೆ ನೋಡ್ತಿದೀರಿ? ಏನದೆ ಹೇಳಿ."

"ಅಮ್ಮ, ನಿಮ್ಮ ಕೂಸು ಹೋಗಿದ್ದು ಯಾವ ವರ್ಷ?"

"ಅರವತ್ತೇಳು. ಇವನಕ್ಕ ಹುಟ್ಟಿದ್ದು ಅರವತ್ತೆಂಟರ ಕೊನೇಲಿ."

ಶುಭಾ ನಾಣ್ಯವನ್ನು ತೋರಿಸಿದರು. "ಇದು ಒಳಲೆ ಜೊತೆಗೇ ಇತ್ತು. ಇದರ ಮೇಲಿರೋದು ಎಪ್ಪತ್ತನೇ ಇಸವಿ. ಒಳಲೆ ನಿಮ್ಮದೇ ಇರಬಹುದಮ್ಮ. ಆದರೆ ಈ ಗುಂಡಿ ತೋಡಿದ್ದು ಅದಾದ ಮೇಲೆ. ನಿಮ್ಮ ಕೂಸಿಗೆ ತೋಡಿದ್ದಲ್ಲ ಇದು."

ಲಕ್ಷ್ಮಿದೇವಮ್ಮ ನಾಣ್ಯವನ್ನೂ ಒಳಲೆಯನ್ನೂ ನೋಡುತ್ತ ಕೂತರು. ಮೊದಲು ಅವರ ಮುಖದಲ್ಲಿ ಸಿಟ್ಟಿತ್ತು, ಕೊಟ್ಟದ್ದನ್ನು ಕಿತ್ತುಕೊಂಡವರ ಮೇಲೆ ಬರುವ ಸಿಟ್ಟು. ಆಮೇಲೆ ಅದು ನಿಧಾನವಾಗಿ ಬೇರೆಯೇ ಏನೋ ಆಯಿತು.

"ದಾನಮ್ಮ," ಎಂದರು. "ಅಯ್ಯೋ, ದಾನಮ್ಮ."

"ಯಾರಮ್ಮ ಅದು?" ಎಂದರು ಭೈರೇಶ್.

"ಬಾವಿ ತೋಡೋಕೆ ಬಂದಿದ್ರು ಗಂಡ ಹೆಂಡ್ತಿ, ಬಾದಾಮಿ ಕಡೆಯೋರು. ಇಲ್ಲೇ ಗದ್ದೆ ಬದೀಲಿ ಗುಡಿಸ್ಲು ಹಾಕ್ಕೊಂಡಿದ್ರು. ಎಳೇ ಕೂಸಿತ್ತು, ನೀಲವ್ವ ಅಂತ. ದಾನಮ್ಮಂಗೆ ಹಾಲಿಳೀತಿರಲಿಲ್ಲ. ಬಟ್ಟೆ ಚೂರನ್ನ ಹಾಲಲ್ಲಿ ಅದ್ದಿ ಕೂಸಿನ ಬಾಯಿಗಿಡ್ತಿದ್ಲು. ಅದನ್ನ ನೋಡೋಕಾಗ್ದೆ ನಾನೇ ಈ ಒಳಲೆ ಕೊಟ್ಟೆ. ಹೋದ ಕೂಸಿಂದು ಕಣೇ, ನಿಂಗೆ ಬೇಡ ಅನ್ಸಿದ್ರೆ ಬೇಡ ಅಂತ ಹೇಳೇ ಕೊಟ್ಟೆ. ಅವಳು ನಕ್ಕು, ಹಾಲಿಗೇನ್ ಗೊತ್ತಾಗ್ತೈತ್ರಿ ಅಕ್ಕಾ, ಅಂದ್ಲು. ದಿನಾ ನಮ್ಮನೆ ಎಮ್ಮೆ ಹಾಲು ಕಳಿಸ್ತಿದ್ದೆ. ಕೂಸು ಮೈಕೈ ತುಂಬ್ಕೊಂಡಿತ್ತು. ನೀನು ಹೊಟ್ಟೇಲಿದ್ದಾಗ ನಾನು ತವರಿಗೆ ಹೋದೆ. ಬಾಣಂತನ ಮುಗಿಸ್ಕೊಂಡು ಬರೋ ಹೊತ್ಗೆ ಅವರು ಇರಲಿಲ್ಲ. ಬಾವಿ ಆಯ್ತು, ಊರಿಗೆ ಹೋದ್ರು, ಕೂಸು ಗುಂಡುಗುಂಡಗಿತ್ತು ಅಂತ ನಿಮ್ಮಪ್ಪ ಹೇಳಿದ್ರು."

ಅವರು ಗೋಡೆಯ ಮೇಲಿನ ಆ ಅಂಚನ್ನು ನೋಡಿದರು.

"ಸುಳ್ಳು ಹೇಳಿದ್ರು. ಹಸೀ ಬಾಣಂತಿ, ಎದೆ ಒಡ್ಕೋತಾಳೆ ಅಂತ. ಸಾಯೋ ತನಕ ಅದೇ ಸುಳ್ಳು ಹೇಳಿದ್ರು. ಆ ಕಡೆಯೋರು ಯಾರೇ ಬರ್ಲಿ ನಾನು ಕೇಳೋಳು, ದಾನಮ್ಮ ಅಂತ ಗೊತ್ತಾ, ನೀಲವ್ವ ಅಂತ ಗೊತ್ತಾ ಅಂತ. ನಿಮ್ಮಪ್ಪ ಅಲ್ಲೇ ಕೂತಿರೋರು. ಒಂದು ಸಲಾನಾದ್ರೂ ಬಾಯಿ ಬಿಡಲಿಲ್ಲ. ನೀಲವ್ವಂಗೆ ಮದುವೆ ಆಗಿರುತ್ತೆ, ಮೊಮ್ಮಕ್ಕಳಾಗಿರ್ತಾರೆ ಅಂತ ನಾನು ಲೆಕ್ಕ ಹಾಕ್ತಾ ಕೂತಿದ್ದೆ. ನನ್ನದು ಹೋದ್ರೂ ಅದೊಂದು ಉಳೀತಲ್ಲ ಅಂತ." ಅವರ ಧ್ವನಿ ಇಳಿಯಿತು. "ನನ್ನ ಒಳಲೆಯಿಂದಲೇ ಹೋಯ್ತೇನೋ. ಸತ್ತ ಕೂಸಿಂದು ಕೊಡಬಾರ್ದು ಅಂತ ನಮ್ಮತ್ತೆ ಬಡ್ಕೊಂಡಿದ್ರು."

ಹೊನ್ನವ್ವ ಮುಂದೆ ಬಂದು ಮುದುಕಿಯ ಕಾಲ ಬಳಿ ಕುಕ್ಕರಗಾಲಲ್ಲಿ ಕೂತಳು.

"ಹಂಗ್ ಅನಬ್ಯಾಡ್ರಿ ಅಮ್ಮಾರ. ಹಸದ ಕೂಸಿಗೆ ಹಾಲು ಕುಡಿಸೀರಿ. ಆಕಿಗೆ ನಿಮ್ಮ ಮ್ಯಾಲ ಸಿಟ್ಟಿದ್ರ ಒಳಲಿ ಬಿಸಾಕಿ ಹೋಗ್ತಿದ್ಲ್ರಿ. ಕೂಸಿನ ಜೋಡಿ ಇಟ್ಟು ಹೋಗ್ಯಾಳ."

ಲಕ್ಷ್ಮಿದೇವಮ್ಮ ಆಗ ಅತ್ತರು. ಸೆರಗು ಬಾಯಿಗೊತ್ತಿಕೊಂಡು, ಸದ್ದಿಲ್ಲದೆ, ಬಹಳ ಹೊತ್ತು. ಕೀರ್ತನಾಳೂ ಅತ್ತಳು. ನಾನು ಹೇಳಬಾರದಿತ್ತು ಅಜ್ಜಿ ಎಂದಳು. ಇಸವಿಯ ಮಾತು ಹೇಳಿದ್ದು ತಾನಲ್ಲ ಎಂಬುದು ಅವಳಿಗೇ ನೆನಪಿರಲಿಲ್ಲ.

ಅಳು ನಿಂತ ಮೇಲೆ ಲಕ್ಷ್ಮಿದೇವಮ್ಮ ಮತ್ತೊಂದು ಮಾತು ಕೇಳಿದರು. ಶುಭಾ ಹೆದರಿದ್ದೂ ಅದೇ ಮಾತಿಗೆ.

"ಅವರ ಕೂಸಿಗೆ ನಮ್ಮನೆಯೋರು ಇಲ್ಲಿ ಜಾಗ ಕೊಟ್ರು ಅಂದ್ರೆ, ನಮ್ಮದೂ ಇಲ್ಲೇ ಎಲ್ಲೋ ಪಕ್ಕದಲ್ಲಿ ಇರಬೇಕಲ್ಲ ಟೀಚರಮ್ಮ? ಸಿಕ್ಕಿದ ಕಡೆಯೆಲ್ಲ ಹೂಳೋ ಮನುಷ್ಯ ಅಲ್ಲ ಅವರು. ನೋಡವ್ವ, ನಿಂಗೆ ಗೊತ್ತಾಯ್ತದೆ."

ಶುಭಾ ಉಳಿದಿದ್ದ ಗೋಡೆಯುದ್ದಕ್ಕೂ ನೀರು ಚಿಮುಕಿಸುತ್ತ, ಬ್ರಷ್ ಆಡಿಸುತ್ತ ನೋಡಿದರು. ಬಿಸಿಲು ಬೆನ್ನ ಮೇಲೆ ಬಿದ್ದಿತ್ತು. ಕೀರ್ತನಾ ಕೊಡದಿಂದ ನೀರು ತಂದುಕೊಟ್ಟಳು. ಕರಿಮಣ್ಣಿನ ಪದರ ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಸಮನಾಗಿತ್ತು. ಇನ್ನೊಂದು ಅಂಚು ಎಲ್ಲೂ ಇರಲಿಲ್ಲ. ಗೋಡೆಯ ಈಚೆಗೆ ಜೆಸಿಬಿ ಹಲ್ಲಿನ ಗುರುತುಗಳಿದ್ದ ಬರಿಯ ನೆಲ. ಪಕ್ಕದಲ್ಲಿ ಏನಾದರೂ ಇದ್ದಿದ್ದರೆ ಅದು ಇದ್ದದ್ದು ಈಗ ಅವರೆಲ್ಲ ನಿಂತಿದ್ದ ಖಾಲಿ ಜಾಗದಲ್ಲಿ.

"ಇಲ್ಲಿ ಇಲ್ಲಮ್ಮ," ಎಂದರು.

ಲಕ್ಷ್ಮಿದೇವಮ್ಮ ಮಗನ ಕಡೆ ತಿರುಗಿದರು. "ಇಲ್ಲಿದ್ದ ಮಣ್ಣೆಲ್ಲ ಎಲ್ಲಿಗೆ ಹೋಯ್ತೋ?"

ಭೈರೇಶ್ ತಲೆ ಎತ್ತಲಿಲ್ಲ. "ಕೆಂಗೇರಿ ಆಚೆಗಮ್ಮ. ಯಾರೋ ಲೇಔಟ್ ಮಾಡ್ತಿದಾರೆ, ಹಳ್ಳ ತುಂಬಿಸೋಕೆ ಬೇಕು ಅಂದ್ರು. ಲಾರೀಲಿ ಕಳಿಸ್ಬಿಟ್ಟೆ. ನಂಗೇನ್ ಗೊತ್ತಿತ್ತಮ್ಮ..."

"ನಿಂಗೆ ಗೊತ್ತಿರಲಿಲ್ಲ ಬಿಡು. ಹೇಳ್ದೋರು ಯಾರಿದ್ರು."

ಅಂದೇ ಮಧ್ಯಾಹ್ನ ನೀಲವ್ವನ ವಸ್ತುಗಳನ್ನು ಮತ್ತೆ ಮಣ್ಣಿಗಿಟ್ಟರು. ಕಾಂಪೌಂಡು ಗೋಡೆ ಬರುವ ಅಂಚಿನಲ್ಲಿ, ಮುಂದೆ ಕಟ್ಟಡ ಎದ್ದರೂ ಯಾರೂ ಅಗೆಯದ ಕಡೆ, ಭೈರೇಶ್ ತಾವೇ ಹಾರೆ ಹಿಡಿದು ತೋಡಿದರು. ಬಳೆ ಚೂರು, ನಾಣ್ಯ, ಒಳಲೆ ಮೂರನ್ನೂ ಲಕ್ಷ್ಮಿದೇವಮ್ಮ ಹಳದಿ ಬಟ್ಟೆಯಲ್ಲಿ ಸುತ್ತಿದ್ದರು. ಒಳಲೆ ನಮ್ಮನೇದಲ್ವಾ ಅಜ್ಜಿ, ಇಟ್ಕೊಳ್ಳೋಣ ಎಂದು ಕೀರ್ತನಾ ಅಂದಾಗ, ಕೊಟ್ಟಾಯ್ತಲ್ಲ ಮಗಾ, ಎಂದರು. ಹೊನ್ನವ್ವ ತಮ್ಮೂರ ಕಡೆಯ ರೀತಿಯಲ್ಲಿ ಏನೋ ಗುನುಗುತ್ತ ಹಾಲೆರೆದಳು. ತನ್ನೂರಿಗೆ ಹೋದಾಗ ದಾನಮ್ಮನ ಕಡೆಯವರು ಯಾರಾದರೂ ಇದ್ದಾರಾ ಅಂತ ಕೇಳುತ್ತೇನೆ ಎಂದಳು. ಕೇಳಿ ಏನು ಹೇಳುವುದು ಎಂದು ಯಾರಿಗೂ ತೋಚಲಿಲ್ಲ.

ಸೋಮವಾರ ಜೆಸಿಬಿ ಬಂದು ಉಳಿದ ಗೋಡೆಯನ್ನೂ ತೆಗೆಯಿತು. ಶುಭಾ ಶಾಲೆಗೆ ಹೋಗುವಾಗ ಆ ಬೀದಿ ಬಿಟ್ಟು ಸುತ್ತು ದಾರಿಯಲ್ಲಿ ಹೋದರು. ಕ್ಲಾಸಿನಲ್ಲಿ ಮಕ್ಕಳು ಕೇಳಿದಾಗ ಅವರು ಮುಚ್ಚಿಡಲಿಲ್ಲ. ಅದು ಒಂದು ಮಗುವನ್ನು ಮಲಗಿಸಿದ ಜಾಗ ಎಂದರು. "ಇಸವಿ ಕಂಡುಹಿಡಿದ್ವಿ ಅಂತ ನಾವು ಖುಷಿಪಟ್ವಿ. ಪಡೋದು ತಪ್ಪಲ್ಲ. ಆದರೆ ಹೂತಿಟ್ಟ ವಸ್ತು ಅಂದ್ರೆ ಅದನ್ನ ಹೂಳುವಾಗ ಅಲ್ಲಿ ಯಾರೋ ನಿಂತಿದ್ರು ಅಂತ ಅರ್ಥ. ಅದು ಸಾವಿರ ವರ್ಷದ ಹಿಂದೆ ಆದ್ರೂ ಅಷ್ಟೇ." ಹಿಂದಿನ ಬೆಂಚಿನ ಹುಡುಗರೂ ಅಂದು ಗಲಾಟೆ ಮಾಡಲಿಲ್ಲ.

ಮುಂದಿನ ಭಾನುವಾರ ಭೈರೇಶ್ ಕಾರು ತಂದು ಶುಭಾ ಅವರ ಮನೆ ಮುಂದೆ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಲಕ್ಷ್ಮಿದೇವಮ್ಮ ಮಡಿಲಲ್ಲಿ ಒಂದು ಸ್ಟೀಲ್ ತಂಬಿಗೆ ಇಟ್ಟುಕೊಂಡು ಕೂತಿದ್ದರು, ಪಕ್ಕದಲ್ಲಿ ಕೀರ್ತನಾ. "ಕೆಂಗೇರಿಗೆ ಹೋಗ್ಬೇಕಂತೆ ಮೇಡಂ," ಎಂದರು ಭೈರೇಶ್. "ನೀವಿದ್ರೆ ಮಣ್ಣು ಗುರುತು ಹಿಡೀತೀರಿ ಅಂತಾರೆ. ನಾನು ಬೇಡ ಅಂದೆ. ಕೇಳಲ್ಲ."

ಕೆಂಗೇರಿ ದಾಟಿ, ಮೈಸೂರು ರಸ್ತೆ ಬಿಟ್ಟು ಒಳಗೆ ಹೋದ ಮೇಲೆ ಆ ಲೇಔಟು ಸಿಕ್ಕಿತು. ಹಳ್ಳ ಇದ್ದ ಗುರುತೇ ಇರಲಿಲ್ಲ. ಮಟ್ಟ ಮಾಡಿದ ವಿಶಾಲ ಬಯಲು, ಅಲ್ಲಲ್ಲಿ ನೆಟ್ಟ ಕಲ್ಲುಗಳು, ಬಣ್ಣದ ಬಾವುಟಗಳು. ಶುಭಾ ಚಪ್ಪಲಿ ಬಿಟ್ಟು ಅದರ ಮೇಲೆ ನಡೆದರು. ಕಾಲ ಕೆಳಗೆ ಕೆಂಪು ಹೆಂಟೆ, ಕಪ್ಪು ಹೆಂಟೆ, ಬೂದಿ, ಇಟ್ಟಿಗೆ ಪುಡಿ, ಹಾಲಿನ ಪ್ಯಾಕೆಟ್ಟು ಎಲ್ಲವೂ ಇದ್ದವು. ಮೂಡಲಪಾಳ್ಯದ ಮಣ್ಣು ಯಾವುದು, ಬೇರೆ ಊರಿಂದ ಬಂದದ್ದು ಯಾವುದು, ಅವರಿಗಿರಲಿ, ಅವರಿಗೆ ಕಲಿಸಿದವರಿಗೂ ಹೇಳಲಾಗುತ್ತಿರಲಿಲ್ಲ. ಮೇಲು ಕೆಳಗು ಎಂಬುದೇ ಅಲ್ಲಿ ಉಳಿದಿರಲಿಲ್ಲ.

ಅವರು ಹಿಂದಿರುಗಿ ಬಂದು ಕಾರಿನ ಬಾಗಿಲ ಬಳಿ ನಿಂತರು. "ಇಲ್ಲಿ ಏನೂ ಹೇಳೋಕಾಗಲ್ಲಮ್ಮ. ಎಲ್ಲ ಕಲ್ಸಿಹೋಗಿದೆ."

"ನಿಂಗೆ ಆಗಲ್ಲ ಅಂದ್ರೆ ಆಗಲ್ಲ ಅಂತಲೇ," ಎಂದರು ಲಕ್ಷ್ಮಿದೇವಮ್ಮ. ಅವರ ಮಾತಿನಲ್ಲಿ ಬೇಸರವಿರಲಿಲ್ಲ. ಮಗನ ಕೈ ಹಿಡಿದು ಇಳಿದರು, ಬಯಲಿನ ಅಂಚಿನವರೆಗೆ ನಡೆದರು.

"ಎಲ್ಲಿ ಹಾಕ್ತೀಯಮ್ಮ?" ಎಂದರು ಭೈರೇಶ್.

"ಎಲ್ಲಾದ್ರೇನು."

ಬಗ್ಗಲಾಗದೆ ನಿಂತೇ ತಂಬಿಗೆಯನ್ನು ಓರೆ ಮಾಡಿದರು. ಹಾಲು ಒಣ ಹೆಂಟೆಗಳ ಸಂದಿಯಲ್ಲಿ ಇಳಿದು ಕಾಣದಾಯಿತು. ದೂರದಲ್ಲಿ ಇನ್ನೊಂದು ಲಾರಿ ಮಣ್ಣು ಸುರಿಯುತ್ತಿತ್ತು. ಅದರ ಧೂಳು ಇವರ ಕಡೆಗೆ ತೇಲಿ ಬಂತು.

"ಅವಳ ಹೆಸರೇನಿತ್ತಮ್ಮ?" ಭೈರೇಶ್ ಕೇಳಿದರು.

ಲಕ್ಷ್ಮಿದೇವಮ್ಮ ಖಾಲಿ ತಂಬಿಗೆಯನ್ನು ಸೆರಗಿನಿಂದ ಒರೆಸಿದರು. "ನಮ್ಮತ್ತೆ ಹೆಸರೇ ಇಟ್ಟಿದ್ರು. ಅತ್ತೆ ಹೆಸರು ಸೊಸೆ ಬಾಯಲ್ಲಿ ಬರ್ಬಾರ್ದು ಅಂತ ನಾನು ಕರೀಲೇ ಇಲ್ಲ. ಕೂಸೇ, ಕೂಸೇ ಅಂತಿದ್ದೆ ಅಷ್ಟೇ. ಹೋದ ಮೇಲೂ ಅಂದಿಲ್ಲ."

ಲಾರಿಯವನು ಹಿಂದಿನ ಬಾಗಿಲು ಬಡಿದು ಮುಚ್ಚಿ ಹೊರಟುಹೋದ.

"ಕೆಂಪಮ್ಮ," ಎಂದರು ಲಕ್ಷ್ಮಿದೇವಮ್ಮ, ಬಯಲಿನ ಕಡೆ ನೋಡುತ್ತ. ಆಮೇಲೆ ಕಾರಿನ ಬಳಿ ನಿಂತಿದ್ದ ಕೀರ್ತನಾಳ ಕಡೆ ತಿರುಗಿ, ಮಗನ ಭುಜಕ್ಕೆ ಕೈ ಕೊಟ್ಟರು. "ನಡಿಯಪ್ಪ. ಬಿಸ್ಲೇರ್ತಾ ಐತೆ. ಮಗೂಗೆ ಹಸಿವಾಗಿರುತ್ತೆ."